ಒಂದು ಹೋಳಿಗೆ ತಿಂದ್ರೆ ಎಂತ ಆಗುದಿಲ್ಲ

ನನ್ನ ಅಪ್ಪನಿಗೆ ಹೇಳಲು ಬರದಿದ್ದ ಮಾತು ಒಂದೇ, ‘ಬೇಡ’. ಕೋಡಿಂಬಾಳದ ಗೃಹಪ್ರವೇಶ, ಪುತ್ತೂರಿನ ಹಾಲ್‌ನಲ್ಲಿ ಮದುವೆ, ಸುಳ್ಯದಲ್ಲಿ ಯಾರದೋ ಷಷ್ಟ್ಯಬ್ದ, ಎಲ್ಲಿಗೆ ಕರೆದರೂ ಹೋಗಿ ಪಂಕ್ತಿಯಲ್ಲಿ ಕುಳಿತುಬಿಡುತ್ತಿದ್ದರು. ನಮ್ಮ ಕಡೆ ಊಟಕ್ಕೆ ಕರೆದರಷ್ಟೇ ಸಾಲದು, ಉಪಚಾರ ಮಾಡಬೇಕು. ಉಪಚಾರವೆಂದರೆ ಸಾಕೆಂದವನ ಎಲೆಗೆ ಮತ್ತೆ ಬಡಿಸುವುದು. ಹಾಗೆ ಬಡಿಸದಿದ್ದರೆ ಮನೆಯವರ ಮರ್ಯಾದೆ ಹೋಗುತ್ತದೆ. ತಿಂದವನ ಜೀವ ಹೋದರೆ ಅದು ಅವನ ಹಣೆಬರಹ.

ಉಪಚಾರದಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರಿಲ್ಲ. ಯಾರ ಮನೆಯಲ್ಲಿ ಜಂಬರವಿರಲಿ, ಮದುವೆಯೋ ಮುಂಜಿಯೋ, ಸೊಂಟಕ್ಕೆ ಬೈರಾಸು ಬಿಗಿದು ಹೋಳಿಗೆಯ ಪಾತ್ರೆ ಹಿಡಿಯುವವರು ಅವರೇ. ಅಪ್ಪನ ಸಕ್ಕರೆ ಕಾಯಿಲೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಮೊದಲ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರೂ ಅವರೇ.

“ಭಾವ, ಒಂದೇ ಒಂದು. ಒಂದು ತಿಂದ್ರೆ ಎಂತ ಆಗುದಿಲ್ಲ ಮಾರಾಯ್ರೆ.”

ಅಪ್ಪ ನಗುತ್ತಿದ್ದರು. ಒಂದು ಬೀಳುತ್ತಿತ್ತು, ಅದರ ಮೇಲೆ ಕಾಯಿಹಾಲು, ಅದರ ಮೇಲೆ ಇನ್ನೊಂದು. ಮನೆಗೆ ಬಂದು ನಾನು ಬೈದರೆ, “ಅಷ್ಟು ಪ್ರೀತಿಯಲ್ಲಿ ಹಾಕುವಾಗ ಬೇಡ ಹೇಳ್ಲಿಕ್ಕೆ ಆಗ್ತದಾ?” ಎನ್ನುತ್ತಿದ್ದರು. ಪ್ರೀತಿಯಂತೆ!

ಕಾಲಿನ ಹೆಬ್ಬೆರಳಿಗೆ ಆದ ಗಾಯ ಮಾಯಲಿಲ್ಲ. ಬೆರಳು ತೆಗೆದರು. ಆಮೇಲೆ ಪಾದ. ಕೊನೆಗೆ ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ.

ಇನ್ನೊಂದು ಕಾಲಾದರೂ ಉಳಿಯಲಿ ಎಂದು ನಾನು ಅಪ್ಪನ ಪಕ್ಕದಲ್ಲೇ ಊಟಕ್ಕೆ ಕುಳಿತು ಅವರ ಪರವಾಗಿ ಬೇಡವೆನ್ನಲು ಶುರುಮಾಡಿದೆ. ಮೊದಮೊದಲು, “ಹಾಕ್ಬೇಡಿ ಮಾವ, ಅವರಿಗೆ ಆಗುದಿಲ್ಲ” ಎಂದು ಗದರಿದೆ. ಇಡೀ ಪಂಕ್ತಿ ತಿರುಗಿ ನೋಡಿತು. ತಂದೆಯ ಬಾಯಿ ಕಟ್ಟುವ ಮಗಳೆಂದು ಹೆಸರಾಯಿತು. ಹಾಗಾಗಿ ನಯವಾಗಿ ಹೇಳಲು ಕಲಿತೆ. “ಹೋಳಿಗೆ ಭಾರೀ ಲಾಯ್ಕ ಆಗಿದೆ ಮಾವ. ಹೊಟ್ಟೆಯಲ್ಲಿ ಜಾಗ ಇಲ್ಲ, ಎಂತ ಮಾಡುದು?” ಮೊದಲು ಹೊಗಳಬೇಕು, ಆಮೇಲೆ ತಪ್ಪನ್ನು ನಮ್ಮ ಹೊಟ್ಟೆಯ ಮೇಲೆ ಹಾಕಬೇಕು. ಊರಿನವರು ಮೆಚ್ಚಿದರು.

ಮಾವ ಬಗ್ಗಲಿಲ್ಲ. ಪುತ್ತೂರಿನ ಒಂದು ಮದುವೆಯಲ್ಲಿ, ಗಾಲಿಕುರ್ಚಿಯಲ್ಲಿದ್ದ ಅಪ್ಪನ ಎಲೆಗೆ ನನ್ನ ತಲೆಯ ಮೇಲಿಂದಲೇ ಎರಡು ಹೋಳಿಗೆ ಹಾಕಿ ಹೇಳಿದರು: “ಕಾಲು ಹೇಗೂ ಹೋಯ್ತಲ್ಲ. ಇನ್ನಾದ್ರೂ ತಿನ್ಲಿ, ಪಾಪ.”

ಅಪ್ಪ ಆಗಲೂ ನಕ್ಕರು. ಎರಡನ್ನೂ ತಿಂದರು.

ಆ ಮಳೆಗಾಲ ಮುಗಿಯುವ ಮೊದಲೇ ಅಪ್ಪ ತೀರಿಕೊಂಡರು. ಉತ್ತರಕ್ರಿಯೆಯ ಊಟಕ್ಕೆ ಹೋಳಿಗೆ ಬಡಿಸಿದವರು ಮಾವನೇ. ನನ್ನ ಎಲೆಯ ಮುಂದೆ ನಿಂತು, ಬೈರಾಸಿನಲ್ಲಿ ಕಣ್ಣೊರೆಸಿಕೊಂಡು, “ಭಾವನ ಹೆಸರಲ್ಲಿ ಒಂದು ಹಾಕ್ಲಾ?” ಎಂದರು. ನಾನು ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು, “ಪರಿಮಳದಲ್ಲೇ ಹೊಟ್ಟೆ ತುಂಬಿತು ಮಾವ, ಬೇಸರ ಮಾಡ್ಬೇಡಿ” ಎಂದೆ.

ಮಾವನ ಮುಖ ಅರಳಿತು. ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು: “ನೋಡಿ, ಬೇಡ ಹೇಳುದನ್ನೂ ಎಷ್ಟು ಚಂದ ಹೇಳ್ತಾಳೆ! ಭಾವನಿಗೆ ಈ ಬುದ್ಧಿ ಇದ್ದಿದ್ರೆ ಇವತ್ತು ಇಲ್ಲಿ ಕೂತಿರ್ತಿದ್ರು.”

ಆ ಪಾತ್ರೆಯನ್ನು ಅವರ ತಲೆಯ ಮೇಲೆ ಮಗುಚಿಬಿಡಬೇಕೆನಿಸಿತು. ಆದರೆ ಅಪ್ಪನ ಮಗಳಲ್ಲವೇ, ನಕ್ಕೆ.