ಎರ್ಮೆಲಿಂದಾಳ ತೋಳಿನ ಕಪ್ಪು ಪಟ್ಟಿ

ಪೂರ್ವ ತಿಮೋರಿನ ಗಡಿಗೆ ಹತ್ತಿರದ ಆ ಗುಡ್ಡದೂರಿನಲ್ಲಿ ಬೆಳಗಾಗುವುದು ಎರ್ಮೆಲಿಂದಾಳ ಒಲೆಯಿಂದ. ಮಣ್ಣಿನ ಗೂಡಿನಲ್ಲಿ ಬೇಯುವ ಪಾವು ಬ್ರೆಡ್ಡಿನ ವಾಸನೆ ಇಳಿಜಾರಿನುದ್ದಕ್ಕೂ ಹರಿದು, ಕೋಳಿಗಳಿಗಿಂತ ಮೊದಲೇ ಜನರನ್ನು ಎಬ್ಬಿಸುತ್ತದೆ. ಅವಳಿಗೆ ಐವತ್ತು. ರವಿಕೆಯ ಎಡತೋಳಿನ ಮೇಲೆ ಪಿನ್ನು ಚುಚ್ಚಿದ ಎರಡು ಬೆರಳಗಲದ ಕಪ್ಪು ಬಟ್ಟೆ. ರವಿಕೆ ಬದಲಾಗುತ್ತಿತ್ತು, ಪಟ್ಟಿ ಹರಿದರೆ ಹೊಸದು ಬರುತ್ತಿತ್ತು. ಕಪ್ಪು ಮಾತ್ರ ಮೂವತ್ತಮೂರು ವರ್ಷಗಳಿಂದ ಕದಲಿರಲಿಲ್ಲ.

ಸತ್ತವರಿಗಾಗಿ ತೊಟ್ಟ ಕಪ್ಪನ್ನು ವರ್ಷ ತುಂಬಿದ ಮೇಲೆ ಮನೆಯ ಹಿರಿಯರು ತೆಗೆಯುವುದು ಅಲ್ಲಿನ ರೂಢಿ. ಪ್ರಾರ್ಥನೆ, ಹಂದಿಯ ಊಟ, ಆಮೇಲೆ ಕುಣಿತ. ಎರ್ಮೆಲಿಂದಾ ಅದಕ್ಕೆ ಒಪ್ಪಿರಲಿಲ್ಲ. ೧೯೭೫ರಲ್ಲಿ ಇಂಡೋನೇಷ್ಯಾದ ಸೈನ್ಯ ಗಡಿ ದಾಟುವುದನ್ನು ಚಿತ್ರಿಸಲೆಂದು ಬಂದ ಆಸ್ಟ್ರೇಲಿಯಾದ ಪತ್ರಕರ್ತರು ಗುಡ್ಡದ ಮೇಲಿನ ಮನೆಯಲ್ಲಿ ತಂಗಿದ್ದರು. ಅವರಿಗೆಂದು ಅವಳು ಕಟ್ಟಿಕೊಟ್ಟ ಪಾವಿನ ಗಂಟು ಹಿಡಿದು ಅಣ್ಣ ಅಬೀಲಿಯೊ ಮೇಲೆ ಹೋದ. ಆ ಪತ್ರಕರ್ತರು ಸೈನಿಕರ ಕೈಯಲ್ಲಿ ಕೊಲೆಯಾದರು. ಅವನೂ ತಿರುಗಿ ಬರಲಿಲ್ಲ, ದೇಹವೂ ಸಿಗಲಿಲ್ಲ.

"ಅವನ ಅಂಗೀನಾದ್ರೂ ಹೂಳೋಣ ಮಗಳೆ. ಎಷ್ಟು ಜನ ಹಾಗೆ ಮಾಡಿಲ್ಲ," ಎಂದು ಸೋದರಮಾವ ತೊಮೆ ಹೇಳಿ ಹೇಳಿ ಸೋತಿದ್ದ.

"ಸತ್ತಿದ್ದು ಅಂಗಿಯಲ್ಲ ಮಾವ."

ಅವಳನ್ನು ಕೊರೆಯುತ್ತಿದ್ದುದು ಇನ್ನೊಂದು. ಆ ಬೆಳಿಗ್ಗೆ ಗಂಟು ಕೈಗಿತ್ತ ಕ್ಷಣವೇ ಒಲೆಯಿಂದ ಸೀದ ವಾಸನೆ ಬಂದು ಅವಳು ಒಳಗೆ ಓಡಿದ್ದಳು. ಅಣ್ಣ ಹೋಗುವುದನ್ನು ಕಣ್ಣಾರೆ ನೋಡಿರಲಿಲ್ಲ. ಬೀಳ್ಕೊಟ್ಟೇ ಇಲ್ಲದವನ ಕಪ್ಪನ್ನು ತೆಗೆಯುವುದು ಹೇಗೆ?

ಈಗ ಆ ಪತ್ರಕರ್ತರ ಕತೆಯನ್ನು ಸಿನಿಮಾ ಮಾಡಲು ಆಸ್ಟ್ರೇಲಿಯಾದವರು ಬಂದಿದ್ದರು. ಪಾವು ಕೊಡುವವಳನ್ನು ತಂಗಿಯ ಬದಲು ತಾಯಿಯಾಗಿ ಮಾಡಿಕೊಂಡಿದ್ದರು. "ವಯಸ್ಸಿಗೆ ಸರಿಹೋಯ್ತು ಬಿಡಿ," ಎಂದು ಎರ್ಮೆಲಿಂದಾ ತಾನೇ ಆ ಪಾತ್ರಕ್ಕೆ ನಿಂತಳು. ಅಬೀಲಿಯೊನ ವೇಷ ಹಾಕಿದವನು ತಿಮೋರಿನದೇ ದಿಲಿ ಪಟ್ಟಣದ ನೆಲ್ಸೊ. ಎರಡೂ ಕಡೆಯ ಮಾತು ದಾಟಿಸುತ್ತಿದ್ದವನೂ ಅವನೇ.

ಚಿತ್ರೀಕರಣದ ದಿನ, ನಟರ ಬಟ್ಟೆಬರೆ ನೋಡಿಕೊಳ್ಳುವ ಹುಡುಗಿ ಪಿನ್ನಿಗೆ ಕೈ ಹಾಕಿದಳು. ಎರ್ಮೆಲಿಂದಾ ಅವಳ ಮಣಿಕಟ್ಟು ಹಿಡಿದಳು.

"ಚಿಕ್ಕಮ್ಮ, ಇದು ತೆಗೀಬೇಕಂತೆ," ಎಂದ ನೆಲ್ಸೊ. "ಈ ದೃಶ್ಯದಲ್ಲಿ ಇನ್ನೂ ಯಾರೂ ಸತ್ತಿಲ್ಲವಂತೆ."

ಎರ್ಮೆಲಿಂದಾ ಮಣಿಕಟ್ಟು ಬಿಟ್ಟಳು. ಬದುಕಿರುವವನಿಗೆ ಕಪ್ಪು ತೊಡುವುದು ಅಪಶಕುನ, ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ಹುಡುಗಿ ಹೇಳೋದು ಸರಿ. ಆದ್ರೆ ಅವಳ ಕೈಯಿಂದ ಬೇಡ. ನಮ್ಮ ಮಾವನ್ನ ಕರೆಸಿ."

"ಅವರು ಬರೋವರೆಗೂ ಇಷ್ಟು ಜನ ಕಾಯಬೇಕಾ?"

"ನಾನು ಕಾದಿಲ್ವಾ? ಅವರಿಗೆ ಕಾಫಿ ಕೊಡು."

ಒಂದು ಗಂಟೆಯ ಮೇಲೆ ತೊಮೆ ಮಾವ ಕೋಲೂರಿಕೊಂಡು ಇಳಿದು ಬಂದ. ಪಿನ್ನು ಬಿಚ್ಚಿ, ಪಟ್ಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕ್ಯಾಮೆರಾದ ಪಕ್ಕ ನಿಂತ. "ಇದು ಸಿನಿಮಾಕ್ಕಷ್ಟೆ. ಸಂಜೆಗೆ ಮತ್ತೆ ಚುಚ್ತೀನಿ," ಎಂದ, ಯಾರಿಗೆ ಎಂದಿಲ್ಲದೆ.

ದೃಶ್ಯ ಶುರುವಾಯಿತು. ಅವಳು ಗಂಟು ಕೊಟ್ಟಳು, ನೆಲ್ಸೊ ಹೊರಟ. ಅವಳು ಒಲೆಯ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು, ಹುಣಸೆಮರದ ತಿರುವಿನಲ್ಲಿ ಅವನ ಬೆನ್ನು ಮರೆಯಾಗುವವರೆಗೂ ನೋಡಿದಳು. ನಿರ್ದೇಶಕ ನಿಲ್ಲಿಸಿದ. ಎರಡನೇ ಸಲವೂ ಹಾಗೇ. ಮೂರನೇ ಸಲವೂ.

ನೆಲ್ಸೊ ಏದುಸಿರು ಬಿಡುತ್ತ ಬಂದ. "ಒಲೆ ಕಡೆ ತಿರುಗಬೇಕಂತೆ ಚಿಕ್ಕಮ್ಮ. ನನ್ನ ಕಾಲೂ ಬಿದ್ದುಹೋಗ್ತಿದೆ."

"ಅವತ್ತು ತಿರುಗಿದ್ದೆ. ಇವತ್ತು ತಿರುಗಲ್ಲ. ಪಾವು ಸೀದ್ರೆ ಸೀಯಲಿ ಅಂತ ಹೇಳು."

ನೆಲ್ಸೊ ಹೇಳಿದ. ನಿರ್ದೇಶಕ ಅವಳ ಮುಖ ನೋಡಿದ, ಬರೆದಿಟ್ಟ ಹಾಳೆ ನೋಡಿದ, ಹಾಳೆಯನ್ನು ಮಡಚಿ ಜೇಬಿಗಿಟ್ಟ. ನಾಲ್ಕನೆಯ ಸಲ ಅವಳು ನೋಡುತ್ತ ನಿಂತಷ್ಟು ಹೊತ್ತೂ ಕ್ಯಾಮೆರಾ ಓಡಿತು.

ಬಿಸಿಲು ಇಳಿದ ಮೇಲೆ ತೊಮೆ ಮಾವ ಅಂಗೈ ಬಿಚ್ಚಿದ. ಪಟ್ಟಿ ಬೆವರಿನಿಂದ ಒದ್ದೆಯಾಗಿತ್ತು.

"ತೋಳು ಕೊಡು."

ಎರ್ಮೆಲಿಂದಾ ತೋಳು ಕೊಡಲಿಲ್ಲ. ರವಿಕೆಯ ಬಣ್ಣ ಮಾಸಿದ ಎಡತೋಳಿನಲ್ಲಿ ಆ ಎರಡು ಬೆರಳಗಲ ಮಾತ್ರ ಹೊಸ ಬಟ್ಟೆಯಂತೆ ಹೊಳೆಯುತ್ತಿತ್ತು.

"ನಿನ್ನ ಹತ್ರಾನೇ ಇರಲಿ ಮಾವ. ಶನಿವಾರ ಹಂದಿ ಕೊಯ್ಯೋಣ. ಪಾದ್ರಿಗಳಿಗೆ ಹೇಳಿ ಕಳಿಸು."

ಮುದುಕ ಪಟ್ಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಅವಳು ನೆಲ್ಸೊನ ಕೈಯಿಂದ ಗಂಟು ಕಿತ್ತುಕೊಂಡು ಒಳಗೆ ನೋಡಿದಳು. ಎರಡು ಪಾವು ಕಡಿಮೆ ಇದ್ದವು.

"ದಾರೀಲಿ ತಿಂದೆಯಾ? ನಮ್ಮಣ್ಣನೂ ಹೀಗೇ, ಕಳ್ಳ. ಶನಿವಾರ ಈ ಸಿನಿಮಾದವರನ್ನೆಲ್ಲ ಕರ್ಕೊಂಡು ಬಾ. ಉಂಡು ಎದ್ದು ಹೋಗೋ ಹಾಗಿಲ್ಲ, ಕುಣೀಬೇಕು."