ಗಡಿಗೆಗಿಂತ ಮೊದಲು ಬಂದ ಶಾಲು

ಗೆಳೆಯನಿಗೆ ಗಡಿಗೆ ಮಾಡುವ ಆಸೆ ಹುಟ್ಟಿಸಿದ್ದು ನಾನೇ ಎಂದು ನನ್ನ ನೆನಪು. ತಾನೇ ಕೇಳಿದ್ದೆ ಎನ್ನುತ್ತಾನೆ ಅವನು. ಇರಬಹುದು. ಹುಟ್ಟಿನಿಂದಲೇ ಕಣ್ಣು ಕಾಣದವನು. ಬನಹಟ್ಟಿಯಲ್ಲಿ ಅವರ ಮನೆಯ ಮಗ್ಗಗಳ ಮೇಲೆ ಹಳೆಯ ಹಾಸಿನ, ಅಂದರೆ ಉದ್ದ ನೂಲಿನ, ಎಳೆಗೆ ಹೊಸ ಎಳೆಯನ್ನು ಬೆರಳಲ್ಲೇ ಹೊಸೆದು ಕೂಡಿಸುತ್ತಾನೆ.

"ಬರೇ ಮಂದಿ ನೂಲು ಕೂಡಿಸಿ ಸಾಕಾತಲೇ. ಒಂದರ ನಂದು ಅನ್ನೋದು ಮಾಡ್ಬೇಕು," ಎಂದಿದ್ದ.

ಗಲಗಲಿಯ ಕುಂಬಾರರೊಬ್ಬರು ಕಲಿಸಲು ಒಪ್ಪಿದರು. ನಮ್ಮ ಓಣಿಯ ಹಿರಿಯರೊಬ್ಬರು ಕಾರು ಕೊಟ್ಟರು. ಕಾರಿನ ಜೊತೆ ತಾವೂ ಬಂದರು. ಚೀಲದಲ್ಲಿ ಶಾಲು, ಹಾರ. ಗಡಿಗೆ ಆಗುವ ಮೊದಲೇ ಸನ್ಮಾನ ಸಿದ್ಧವಾಗಿತ್ತು. ಪರೋಪಕಾರಕ್ಕೆ ಇಷ್ಟು ಅವಸರ ಯಾಕೋ!

ತಿಗರಿ ತಿರುಗಿತು. ಮಣ್ಣು ಮೇಲೇಳುತ್ತಿದ್ದಂತೆ ಗೆಳೆಯನ ಬೆರಳುಗಳು ಅಭ್ಯಾಸದಂತೆ ಅಂಚನ್ನು ಹಿಡಿದು ಹೊಸೆದವು. ಹರಿಯಿತು.

"ಅದು ನೂಲಲ್ಲೋ ತಮ್ಮಾ, ಹೊಸೀಬ್ಯಾಡ. ಬರೇ ಹಿಡಕೊಂಡು ಕುಂದ್ರು," ಎಂದರು ಕುಂಬಾರರು.

ಮತ್ತೆ ಹೊಸೆದ, ಮತ್ತೆ ಹರಿಯಿತು. ಕೊನೆಗೂ ಒಂದು ನಿಂತಿತು: ಬಾಯಿ ಒಂದು ಕಡೆ ವಾಲಿದ್ದು, ಅಂಚಿನಲ್ಲಿ ಹೊಸೆದ ಗುರುತಿದ್ದದ್ದು.

ಹಿರಿಯರು ಮೊಬೈಲು ಎತ್ತಿದರು. ಸೊಟ್ಟ ಗಡಿಗೆ ಫೋಟೋಕ್ಕೆ ಬೇಡವಾಗಿತ್ತೇನೋ, ಕುಂಬಾರರಿಗೆ ಕೈಸನ್ನೆ ಮಾಡಿದರು. ಕುರುಡನ ಎದುರು ಕೈಸನ್ನೆ; ಎಂಥ ಸೂಕ್ಷ್ಮ ಮನಸ್ಸು! ಇತ್ತ ಶಾಲು ಹೊದಿಸುವಷ್ಟರಲ್ಲಿ ಅತ್ತ ಕುಂಬಾರರ ಕೈಯಲ್ಲಿ ಗಡಿಗೆಯ ಬಾಯಿ ನೆಟ್ಟಗಾಯಿತು. ಆ ಸನ್ನೆಯನ್ನು ನಾನು ಆಗಲೇ ಕಂಡಿದ್ದೆನೋ, ಆಮೇಲೆ ಕಂಡಂತೆ ಜೋಡಿಸಿಕೊಂಡೆನೋ, ಆಣೆ ಇಟ್ಟು ಹೇಳಲಾರೆ.

ಗೆಳೆಯ ಶಾಲಿನ ಅಂಚನ್ನು ಬೆರಳಲ್ಲಿ ತಿಕ್ಕಿದ. "ಪಾಲಿಸ್ಟರ್ ಐತಿ," ಎಂದ. ಆಮೇಲೆ ಗಡಿಗೆಯ ಬಾಯಿ ಸವರಿದ. ಕೈ ನಿಂತಿತು.

"ಇದನ್ನ ಯಾರು ಮುಟ್ಯಾರ್ರಿ?"

"ನಿಂದ ಐತಪಾ! ಎಷ್ಟ್ ಛಲೋ ಮಾಡೀ ನೋಡು," ಎಂದರು ಹಿರಿಯರು.

"ನಾ ಹೊಸೆದ ಗುರುತ ಇಲ್ಲಿತ್ತು. ಅದನ್ನ ತಗದು, ಹೆಸರ ನಂದು ಹೇಳ್ತೀರೇನ್ರಿ?"

ಅಂಗೈ ಇಟ್ಟು ಒತ್ತಿಬಿಟ್ಟ. ಗಡಿಗೆ ಮುದ್ದೆಯಾಯಿತು. ಕುಂಬಾರರು ತಲೆ ತಗ್ಗಿಸಿದರು. ಹಿರಿಯರು, "ಉಪಕಾರ ಮಾಡಾಕ ಬಂದ್ರ ಹಿಂಗ," ಎಂದು ಗೊಣಗುತ್ತ ಹೋಗಿ ಕಾರಿನಲ್ಲಿ ಕುಳಿತರು.

ಗೆಳೆಯ ಶಾಲು ತೆಗೆದು ನನ್ನ ಕೈಗೆ ಕೊಟ್ಟು ಮತ್ತೆ ಮಣ್ಣು ಕೇಳಿದ. ಇನ್ನೊಂದು ಗಡಿಗೆ ಎದ್ದಿತು. ಈ ಸಲ ಯಾರೂ ಮುಟ್ಟಲಿಲ್ಲ.

"ಖರೆ ಹೇಳೋ, ಹೆಂಗಾಗೇತಿ?" ಎಂದು ನನ್ನನ್ನು ಕೇಳಿದ.

"ಪೂರಾ ಸೊಟ್ಟ ಐತಿ. ಮೊದಲಿಂದಕ್ಕಿಂತ ಕೆಟ್ಟ ಆಗೇತಿ," ಎಂದೆ.

ಅವನು ಅಂಚಿನ ಸುತ್ತ ಬೆರಳಾಡಿಸಿ, ಹೊಸೆದ ಗುರುತನ್ನು ಹುಡುಕಿ ಹಿಡಿದ.

"ಹಂಗಾದ್ರ ಸುಡಾಕ ಇಡ್ರಿ," ಎಂದ ಕುಂಬಾರರಿಗೆ. "ಇದು ನಂದ."