ಹನ್ನೊಂದು ತಿಂಗಳ ಕಾಗದ

ನನ್ನ ಕೆಲಸಕ್ಕೆ ಅಂಗಡಿ ಇಲ್ಲ, ಬೋರ್ಡೂ ಇಲ್ಲ. ಒಂದು ಲ್ಯಾಪ್‌ಟಾಪು, ಒಂದು ಪುಟ್ಟ ಕ್ಯಾಮೆರಾ, ಹೆಬ್ಬೆಟ್ಟು ಒತ್ತುವ ಚಿಕ್ಕ ಯಂತ್ರ, ಇಷ್ಟನ್ನು ಚೀಲಕ್ಕೆ ತುಂಬಿಕೊಂಡು ಸ್ಕೂಟರ್ ಹತ್ತಿದರೆ ಮುಗಿಯಿತು. ಪುಣೆಯಲ್ಲಿ ಯಾರಾದರೂ ಮನೆ ಬಾಡಿಗೆಗೆ ಕೊಟ್ಟರೆ, ಆ ಕರಾರನ್ನು ಅವರ ಮನೆಗೇ ಹೋಗಿ ಸರ್ಕಾರದಲ್ಲಿ ನೋಂದಣಿ ಮಾಡಿಕೊಡುವವಳು ನಾನು. ಬೆಳಗ್ಗೆ ಕೋಥರೂಡದಂಥ ಉಳ್ಳವರ ಬಡಾವಣೆಯಲ್ಲಿ ಯಾವುದೋ ಬ್ಯಾಂಕಿನವರ ಮನೆ, ಮಧ್ಯಾಹ್ನ ಹಿಂಜವಾಡಿಯಲ್ಲಿ ಬೆಂಗಳೂರಿನ ಹುಡುಗರು ಹಿಡಿದ ಫ್ಲ್ಯಾಟು. ಮಾಲಕರು ಸೋಫಾದ ಈ ತುದಿಗೆ, ಬಾಡಿಗೆದಾರರು ಆ ತುದಿಗೆ, ನಡುವೆ ನನ್ನ ಯಂತ್ರ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳಲಿ ಎಂದು ಕಾಯುವ ಜಾಯಮಾನ ನನ್ನದಲ್ಲ.

ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಹನ್ನೆರಡಾದರೆ ಮನೆ ಕೈಬಿಟ್ಟು ಹೋಗುತ್ತದೆ ಎಂಬ ಭಯ ಮಾಲಕರಿಗೆ ಎಲ್ಲಿಂದ ಅಂಟಿಕೊಂಡಿತೋ ದೇವರೇ ಬಲ್ಲ. ಎರಡು ಮೂರು ವರ್ಷಕ್ಕೂ ಮಾಡಬಹುದು ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. "ಹೌದ್ರಿ, ಹೌದ್ರಿ" ಎಂದು ಪೂರ್ತಿ ಕೇಳಿಸಿಕೊಂಡು, ಕೊನೆಗೆ "ಹನ್ನೊಂದೇ ಹಾಕ್ರಿ" ಎನ್ನುತ್ತಾರೆ. ಹಾಕುತ್ತೇನೆ.

ಪತ್ರಿಕೆಯಲ್ಲಿ ದೇಶದ ವಸತಿ ನೀತಿಯ ಸುದ್ದಿ ಬಂದರೆ ನಾನು ಒಂದಕ್ಷರ ಬಿಡದೆ ಓದುತ್ತೇನೆ, ಓದಿದ ಮೇಲೆ ಸಿಡುಕುತ್ತೇನೆ. ಎಲ್ಲರಿಗೂ ಸ್ವಂತ ಮನೆ, ಸಾಲಕ್ಕೆ ಸಹಾಯಧನ, ಮಂತ್ರಿಗಳು ಕೀಲಿಕೈ ಕೊಡುವ ಫೋಟೋ. ಬಾಡಿಗೆ ಕರಾರಿನ ಪ್ರತಿ ಕೈಗಿಡುವ ಫೋಟೋವನ್ನು ನಾನಂತೂ ಈವರೆಗೆ ನೋಡಿಲ್ಲ. ಕೆಲಸಗಾರರಿಗೆ ಬಾಡಿಗೆ ಮನೆ ಕಟ್ಟಬೇಕು, ಬೀಗ ಹಾಕಿಟ್ಟ ಫ್ಲ್ಯಾಟುಗಳನ್ನು ಬಾಡಿಗೆಗೆ ತರಬೇಕು ಎಂಬ ಮಾತು ಈಚೆಗೆ ಕೇಳತೊಡಗಿದೆ, ಸಂತೋಷ. ಆದರೆ ಅದನ್ನು ಬರೆಯುವವರಿಗೆ ಬಾಡಿಗೆ ಮನೆ ಎಂದರೆ ಬಸ್ ನಿಲ್ದಾಣದ ಬೆಂಚು, ಸ್ವಂತದ್ದು ಬರುವವರೆಗೆ ಕೂತಿರುವ ಜಾಗ. ನಾನು ನೋಡಿದ ಪುಣೆಯಲ್ಲಿ ಜನ ಬಾಡಿಗೆ ಮನೆಯಲ್ಲೇ ಸಂಸಾರ ಹೂಡುತ್ತಾರೆ, ಹಡೆಯುತ್ತಾರೆ, ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡುತ್ತಾರೆ. ಅವರಿಗೆ ಗೋಡೆ ಎಷ್ಟು ಮುಖ್ಯವೋ ಕಾಗದವೂ ಅಷ್ಟೇ ಮುಖ್ಯ. ಇಷ್ಟು ಜೋರಾಗಿ ಹೇಳುವ ನಾನು ಇದನ್ನು ಕಲಿತದ್ದು ಯೆರವಡಾದ ಒಂದು ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯ ಮನೆಯಲ್ಲಿ, ಅದೂ ನನ್ನದೇ ತಪ್ಪಿನಿಂದ.

ಆ ಖೋಲಿಯಲ್ಲಿ ಯಾದಗಿರಿ ಕಡೆಯಿಂದ ಬಂದ ಗಂಡ ಹೆಂಡತಿ ಇದ್ದರು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿ ಒಂದು ಐಟಿ ಆಫೀಸಿನ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಬ್ಬಳೇ ಮಗಳು. ಖಾಸಗಿ ಶಾಲೆಗಳಲ್ಲಿ ಬಡವರ ಮಕ್ಕಳಿಗೆಂದು ಒಂದಿಷ್ಟು ಸೀಟುಗಳಿರುತ್ತವೆ, ಶುಲ್ಕವಿಲ್ಲ. ಚೀಟಿ ಎತ್ತಿ ಹೆಸರು ಆರಿಸುತ್ತಾರೆ. ಅದಕ್ಕೆ ಅರ್ಜಿ ಹಾಕಲು ವಿಳಾಸದ ಪುರಾವೆ ಬೇಕು. ನನ್ನ ಫೋನ್ ನಂಬರನ್ನು ಯಾರಿಂದಲೋ ಪಡೆದು ಅವಳು ಬಂದಿದ್ದಳು. "ಮಗಳನ್ನ ಸಾಲಿಗೆ ಹಾಕಬೇಕ್ರಿ ಅಕ್ಕಾರ, ಬಾಡಿಗಿ ಕಾಗದ ಬೇಕಂತ" ಎಂದಳು.

ಆಗ ನಾನು ಮಾಡಿದ್ದೇನು? ಓಣಿಯೊಳಗಿನ ಒಂದು ಖೋಲಿ, ಅದರ ಮಾಲಕ ನೋಂದಣಿಗೆಲ್ಲ ಎಲ್ಲಿ ಒಪ್ಪುತ್ತಾನೆ ಎಂದು ನಾನೇ ತೀರ್ಮಾನಿಸಿದೆ. ಅವನನ್ನು ಹೋಗಿ ಕೇಳಲೂ ಇಲ್ಲ. ಸ್ಟ್ಯಾಂಪ್ ಕಾಗದದ ಮೇಲೆ ಬರೆಸಿ, ಮಾಲಕನ ಸಹಿಯನ್ನು ಅವಳ ಕೈಯಲ್ಲೇ ತರಿಸಿ, ನೋಟರಿ ಮುದ್ರೆ ಹಾಕಿಸಿ ಕೊಟ್ಟೆ. "ಇಷ್ಟ ಸಾಕವ್ವಾ, ನಡೀತದ" ಎಂದೆ. ನಾನು ನಡೆಯುತ್ತದೆ ಎಂದರೆ ಜನ ನಂಬುತ್ತಾರೆ. ಅವಳೂ ನಂಬಿದಳು.

ಚೀಟಿಯಲ್ಲಿ ಮಗಳ ಹೆಸರು ಬಂತು. ಕಾಗದಪತ್ರ ತಪಾಸಣೆಯ ದಿನ, ನೋಂದಣಿ ಇಲ್ಲದ ಕರಾರು ನಡೆಯುವುದಿಲ್ಲ ಎಂದು ಅರ್ಜಿಯನ್ನು ತಿರಸ್ಕರಿಸಿದರು. ಸೀಟು ಹೋಯಿತು. ಅವಳು ಫೋನ್ ಮಾಡಿ ಹೇಳಿದಳು, ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆನೋ ಏನೋ.

ಮರುವರ್ಷ ಅರ್ಜಿ ಶುರುವಾದಾಗ ನಾನೇ ಅವಳಿಗೆ ಫೋನ್ ಮಾಡಿದೆ. ಈ ಸಲ ತಪ್ಪಿದರೆ ಮಗುವಿನ ವಯಸ್ಸು ಮೀರುತ್ತಿತ್ತು, ಮತ್ತೆ ಅವಕಾಶವಿರಲಿಲ್ಲ. ಶನಿವಾರ ಕೊನೆಯ ದಿನ, ಅಷ್ಟರೊಳಗೆ ಕರಾರು ನೋಂದಣಿಯಾಗಿರಬೇಕು. ಗುರುವಾರ ಮಧ್ಯಾಹ್ನ ಚೀಲ ಹೆಗಲಿಗೇರಿಸಿಕೊಂಡು ಯೆರವಡಾಕ್ಕೆ ಹೋದೆ. ಅವಳು ಕ್ಯಾಂಟೀನಿಗೆ ಅರ್ಧ ದಿನ ರಜೆ ಹಾಕಿದ್ದಳು.

ಮಾಲಕ ಕೆಳಗಿನ ಮನೆಯಲ್ಲೇ ಇದ್ದ ಮುದುಕ. ವಿಜಯಪುರದವರು, ಹರೆಯದಲ್ಲಿ ಪುಣೆಗೆ ಬಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಕನ್ನಡ ಕೇಳಿ ಖುಷಿಯಾಗಿ ಚಹಾ ಕೊಟ್ಟರು. ನಾನು ಬಂದ ಕೆಲಸ ಹೇಳಿದ ಕೂಡಲೇ ಮುಖ ಗಂಟಾಯಿತು.

"ನೋಂದಣಿ ಗೀಂದಣಿ ನನಗ ಬ್ಯಾಡ ತಂಗಿ. ಹ್ವಾದ ವರ್ಷ ಸಹಿ ಮಾಡಿಕೊಟ್ಟೀನಲ್ಲ, ಅದ ಸಾಕು."

"ಅದು ಸಾಕಾಗಲಿಲ್ರಿ ಕಾಕಾ. ಹುಡುಗಿ ಸೀಟು ಹೋತು."

"ಸರಕಾರದಾಗ ಅವರ ಹೆಸರು ಬಂತಂದ್ರ ನಾಳೆ ಖೋಲಿ ನಂದ ಅಂತಾರ. ನನಗ ಗೊತ್ತದ."

"ಯಾರು ಹೇಳಿದ್ರಿ ನಿಮಗ?"

"ಯಾರ ಯಾಕ ಹೇಳಬೇಕು?" ಎಂದರು ಮುದುಕ. "ನಾನ ಮಾಡೀನಿ."

ಬಾಗಿಲ ಬಳಿ ನಿಂತಿದ್ದ ಅವಳೂ ತಲೆ ಎತ್ತಿದಳು. ಮುದುಕ ಮುಚ್ಚುಮರೆ ಇಲ್ಲದೆ ಹೇಳಿದರು. ಅವರು ಈ ಮನೆಗೆ ಬಂದದ್ದೇ ಬಾಡಿಗೆಗೆ. ಎಲ್ಲವೂ ಬಾಯಿ ಮಾತಿನ ಮೇಲೆ, ಕಾಗದ ಇರಲಿಲ್ಲ. ಎರಡು ವರ್ಷದ ಮೇಲೆ ಆಗಿನ ಮಾಲಕ ಬಿಡು ಎಂದ, ಇವರು ಬಿಡಲಿಲ್ಲ. ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಎಳೆದಾಡಿ, ಮಾಲಕ ತೀರಿಕೊಂಡು, ಅವನ ಮಕ್ಕಳಿಗೆ ಸಾಕಾಗಿ, ಸಿಕ್ಕಷ್ಟಕ್ಕೆ ಇವರಿಗೇ ಬರೆದುಕೊಟ್ಟು ಕೈತೊಳೆದುಕೊಂಡರು.

"ಆಗ ತಪ್ಪು ಅನಸಲಿಲ್ಲ" ಎಂದರು. "ಈಗ ಮ್ಯಾಲಿನವರು ಗ್ವಾಡಿಗೆ ಒಂದು ಮೊಳಿ ಹೊಡದ್ರೂ ನನ್ನ ಎದಿ ಝಲ್ ಅಂತದ."

ಬೇರೆ ದಿನವಾಗಿದ್ದರೆ ನಾನು ಆ ಮುದುಕರನ್ನು ಸರಿಯಾಗಿ ಝಾಡಿಸುತ್ತಿದ್ದೆ. ತಾವು ಮಾಡಿದ್ದಕ್ಕೆ ಈ ಮಗು ದಂಡ ತೆರಬೇಕೆ ಎಂದು ಸಿಟ್ಟು ನೆತ್ತಿಗೇರಿತ್ತು. ಆದರೆ ಶನಿವಾರ ಹತ್ತಿರವಿತ್ತು. ಸಿಟ್ಟನ್ನು ಚಹಾದ ಜೊತೆ ನುಂಗಿ, ಒಂದೇ ಪ್ರಶ್ನೆ ಕೇಳಿದೆ.

"ಕಾಕಾ, ನಿಮ್ಮ ಮಾಲಕ ಆಗ ಇಂಥಾ ಕಾಗದ ಮಾಡಿಸಿದ್ದಿದ್ರ, ಈ ಮನಿ ನಿಮಗ ಸಿಗತಿತ್ತೇನ್ರಿ?"

"ಅದರಾಗ ಏನ ಬರದದ, ಓದು ನೋಡೋಣು" ಎಂದರು ಮುದುಕ. ನಾನು ಲ್ಯಾಪ್‌ಟಾಪು ತೆರೆದು ಕರಾರಿನ ಮರಾಠಿಯನ್ನು ಕನ್ನಡ ಮಾಡಿ ಓದಿದೆ. ಬಾಡಿಗೆಗೆ ಇರುವವರಿಗೆ ಇರಲು ಅನುಮತಿ ಮಾತ್ರ, ಮನೆಯ ಮೇಲೆ ಹಕ್ಕಿಲ್ಲ, ಅವಧಿ ಮುಗಿದ ಮೇಲೆ ತೆರವು ಮಾಡಬೇಕು. "ಇನ್ನೊಮ್ಮೆ ಓದು" ಎಂದರು. ಮೂರು ಸಲ ಓದಿಸಿದರು.

"ಅಂದ್ರ ಕಾಗದ ಇಲ್ಲದಾಗ ಖರೇ ಅಂಜಿಕಿ ಅನ್ನು."

"ಹೌದ್ರಿ. ನಿಮ್ಮ ಮಾಲಕನ್ನ ಕೇಳಿದ್ರ ಅಂವಾನೂ ಅದನ್ನ ಹೇಳತಿದ್ದ."

"ಅಂವಾ ಮಾಡಸಲಿಲ್ಲ, ಚಲೋ ಆತು ಬಿಡು" ಎಂದು ಮುದುಕ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಾಗಿಲಿನಿಂದ ಅವಳ ದನಿ ಬಂತು. "ಹಂಗಾರ ಹನ್ನೊಂದು ತಿಂಗಳಾದ ಮ್ಯಾಲೆ ನಾವು ಹೋಗಬೇಕೇನ್ರಿ?"

ಇದು ನಾನು ಎದುರು ನೋಡದ ಪ್ರಶ್ನೆ. ಮಾಲಕನನ್ನು ಒಪ್ಪಿಸುವ ಭರದಲ್ಲಿ ಅವಳ ಎದುರೇ ಅವಳನ್ನು ಹೊರಹಾಕುವ ಕಲಮನ್ನು ಮೂರು ಸಲ ಓದಿದ್ದೆ. ಮುದುಕರೇ ಉತ್ತರ ಕೊಟ್ಟರು. "ಯಾರ ಹೋಗು ಅಂದ್ರು ನಿನಗ? ಮುಗೀತಂದ್ರ ಈಕಿನ್ನ ಮತ್ತ ಕರಸೋಣು, ಮತ್ತ ಒತ್ತೋಣು."

ಮುದುಕರ ಹೆಬ್ಬೆಟ್ಟು ಒಂದೇ ಸಲಕ್ಕೆ ಹತ್ತಿತು. ಅವಳದ್ದು ಹತ್ತಲಿಲ್ಲ. ದಿನವಿಡೀ ಸೋಪಿನ ನೀರಿನಲ್ಲಿ ಕೈಯಾಡಿಸುವವರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರಕ್ಕೆ ಕಾಣುವುದಿಲ್ಲ. ಒರೆಸಿದೆ, ಉಜ್ಜಿ ಬಿಸಿ ಮಾಡಿದೆ, ಜಿಡ್ಡು ಹತ್ತಲೆಂದು ಹಣೆಗೆ ತಿಕ್ಕಲು ಹೇಳಿದೆ. ಬಲಗೈಯ ಐದೂ ಬೆರಳು ಮುಗಿದವು. ಪ್ರತಿ ಸಲ ಕೆಂಪು ದೀಪ. ಅವಳು ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಮತ್ತೆ ಒತ್ತತೊಡಗಿದಳು. ಮುದುಕ ಎದ್ದು ಒಳಗಿನಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಎದುರಿಗಿಟ್ಟರು. "ಹಚ್ಚಿ ಸ್ವಲ್ಪ ಹೊತ್ತು ಬಿಡವಾ. ಗಡಿಬಿಡಿ ಬ್ಯಾಡ." ಎಣ್ಣೆ ಹಚ್ಚಿಸಿ, ಹದವಾಗಿ ಒರೆಸಿ, ಎಡಗೈಯಿಂದ ಶುರು ಮಾಡಿದೆವು. ಎಡಗೈಯ ಉಂಗುರ ಬೆರಳಿಗೆ ಹಸಿರು ದೀಪ ಬಂತು. ಶುಕ್ರವಾರ ನೋಂದಣಿ ಸಂಖ್ಯೆ ಕೈಗೆ ಸಿಕ್ಕಿತು, ಆ ಸಂಜೆಯೇ ಅರ್ಜಿ ಹಾಕಿದೆವು.

ಒಮ್ಮೆ ಬಂದ ಅದೃಷ್ಟವನ್ನು ನಾನೇ ಹಾಳು ಮಾಡಿದ್ದೆ, ಎರಡನೇ ಸಲ ಬರುವುದೇ ಎಂದು ಕೆಲವು ವಾರ ಜೀವ ಹಿಡಿದುಕೊಂಡು ಕಾದೆ. ಹೆಸರು ಬಂತು. ಫೋನಿನಲ್ಲಿ ಮೆಸೇಜು ಓದಿ ಹೇಳಿದಾಗ ಅವಳು ಅತ್ತಳೋ ನಕ್ಕಳೋ ತಿಳಿಯಲಿಲ್ಲ. ನಾನಂತೂ ಸ್ಕೂಟರ್ ಬದಿಗೆ ನಿಲ್ಲಿಸಿ ಅತ್ತೆ.

ತಪಾಸಣೆಗೆ ನಾನೂ ಜೊತೆಗೆ ಹೋದೆ. ಮೇಜಿನ ಹಿಂದಿನ ಗುಮಾಸ್ತ ಕರಾರಿನ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ, ಫೋಟೋ ನೋಡಿ, "ಬರೋಬರ್ ಆಹೆ", ಎಲ್ಲ ಸರಿ ಇದೆ ಎಂದು ಮರಾಠಿಯಲ್ಲಿ ಹೇಳಿ ಮುದ್ರೆ ಒತ್ತಿ ಮುಂದಿನವರನ್ನು ಕರೆದ. ಒಂದು ನಿಮಿಷವೂ ಹಿಡಿಯಲಿಲ್ಲ. ಅವಳು ಕುರ್ಚಿಯಿಂದ ಏಳಲೇ ಇಲ್ಲ.

"ಆತೇನ್ರಿ?"

"ಆತವ್ವಾ, ಏಳು."

ಹೊರಗೆ ಬಂದ ಮೇಲೆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕುತ್ತಾ, ತರಕಾರಿ ದರ ವಿಚಾರಿಸುವಷ್ಟು ಸಾವಧಾನವಾಗಿ ಕೇಳಿದಳು. "ಹ್ವಾದ ವರ್ಷ ಇದನ್ನ ಯಾಕ ಮಾಡಲಿಲ್ರಿ ಅಕ್ಕಾರ?"

ಮಾಲಕ ಒಪ್ಪುತ್ತಿರಲಿಲ್ಲ ಎನ್ನಲು ಬಾಯಿ ತೆರೆದೆ. ನಾನು ಅವರನ್ನು ಕೇಳಿಯೇ ಇರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. "ಒಂದ ಖೋಲಿ ಅದ, ಅಷ್ಟು ಸಾಕು ಅನಕೊಂಡಿದ್ದೆ" ಎಂದೆ.

"ಕೋಥರೂಡದವರಿಗೆ ಆಗಿದ್ರ ಹಂಗ ಮಾಡಿಕೊಡತಿದ್ರೇನ್ರಿ?"

"ಇಲ್ಲ" ಎಂದೆ. ಅವಳು ತಲೆಯಾಡಿಸಿ, ಮಧ್ಯಾಹ್ನದ ಪಾಳಿಗೆ ಹೊತ್ತಾಗುತ್ತದೆ ಎಂದು ಬಸ್ಸಿನ ಕಡೆ ನಡೆದಳು.